ಕಿರುಸಾಲದ ಪರಿಣಾಮಪರೀಕ್ಷೆ

೧. ವಿಷಯಪ್ರವೇಶ

ಋಣದ ವಿಚಾರವು ನಮ್ಮ ಶಾಸ್ತ್ರಗ್ರಂಥಗಳಿಗೆ ಹೊಸದಲ್ಲ. ಧರ್ಮಶಾಸ್ತ್ರಕಾರರು ಎಣಿಸಿರುವ ಹದಿನೆಂಟು ವ್ಯವಹಾರಪದಗಳಲ್ಲಿ ಋಣಾದಾನವೇ ಮೊದಲನೆಯದು. ಯಾಜ್ಞವಲ್ಕ್ಯಸ್ಮೃತಿಯೂ, ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಅದಕ್ಕೆ ರಚಿಸಿದ ಮಿತಾಕ್ಷರಾ ವ್ಯಾಖ್ಯಾನವೂ ಒತ್ತೆಯಿಟ್ಟು ತಂದ ಸಾಲಕ್ಕೆ ತಿಂಗಳಿಗೆ ಅಸಲಿನ ಎಂಬತ್ತರಲ್ಲೊಂದು ಭಾಗವನ್ನು ಬಡ್ಡಿಯೆಂದು ವಿಧಿಸಿ, ಒತ್ತೆಯಿಲ್ಲದ ಸಾಲಕ್ಕೆ ಅದಕ್ಕಿಂತ ಹೆಚ್ಚಾದ ಬಡ್ಡಿಯನ್ನು ಒಪ್ಪುತ್ತವೆ. ಆದರೆ ಆ ಶಾಸ್ತ್ರವು ಪ್ರಧಾನವಾಗಿ ವಿಚಾರಿಸುವುದು ಸಾಲವನ್ನು ಕೊಡುವ ಮತ್ತು ತೀರಿಸುವ ಕ್ರಮವನ್ನು. ಸಾಲವನ್ನು ತಂದ ಮನೆಯು ಅದರಿಂದ ಮೇಲೆದ್ದಿತೇ, ಕುಸಿಯಿತೇ, ಇದ್ದಂತೆಯೇ ಉಳಿಯಿತೇ ಎಂಬುದು ಬೇರೊಂದು ಪ್ರಶ್ನೆ. ಈ ಪ್ರಶ್ನೆಗೆ ಪ್ರಮಾಣಬದ್ಧವಾದ ಉತ್ತರವನ್ನು ಹುಡುಕುವ ಕ್ರಮಕ್ಕೆ ಪರಿಣಾಮಪರೀಕ್ಷೆಯೆಂಬ ಹೆಸರನ್ನು ಇಲ್ಲಿ ಬಳಸಿದೆ.

ಜನರು ಮೈಕ್ರೋಫೈನಾನ್ಸ್ ಎಂದೇ ಕರೆಯುವ ಕಿರುಸಾಲ ಸಂಸ್ಥೆಗಳ ವಿಷಯದಲ್ಲಿ ಈ ಪರೀಕ್ಷೆಯು ಈಗ ಅತ್ಯವಶ್ಯಕವಾಗಿದೆ. ೨೦೨೪ನೆಯ ವರ್ಷದ ಕೊನೆಯಲ್ಲಿಯೂ ೨೦೨೫ರ ಆರಂಭದಲ್ಲಿಯೂ ಕರ್ಣಾಟಕದ ಹಲವು ಜಿಲ್ಲೆಗಳಿಂದ, ಸಾಲಗಾರರು ಮನೆಗೆ ಬೀಗವಿಕ್ಕಿ ಊರು ತೊರೆದ ವಾರ್ತೆಗಳೂ ಪ್ರಾಣತ್ಯಾಗ ಮಾಡಿದ ವಾರ್ತೆಗಳೂ ಒಂದರ ಮೇಲೊಂದರಂತೆ ಬಂದುವು. ರಾಜ್ಯಸರ್ಕಾರವು ೨೦೨೫ರ ಫೆಬ್ರವರಿ ೧೨ರಂದು ಬಲಾತ್ಕಾರದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಿ, ಹತ್ತು ವರ್ಷಗಳವರೆಗಿನ ಸೆರೆವಾಸವನ್ನೂ ಐದು ಲಕ್ಷ ರೂಪಾಯಿಗಳವರೆಗಿನ ದಂಡವನ್ನೂ ಗೊತ್ತುಮಾಡಿತು. ಇತ್ತ ಇದೇ ಸಂಸ್ಥೆಗಳ ವಾರ್ಷಿಕ ವರದಿಗಳನ್ನು ನೋಡಿದರೆ, ಸಾಲದಿಂದ ಹಸುವನ್ನು ಕೊಂಡು, ಹೊಲಿಗೆಯಂತ್ರವನ್ನು ಕೊಂಡು, ಮಕ್ಕಳನ್ನು ಓದಿಸಿ ಏಳಿಗೆಹೊಂದಿದ ಮಹಿಳೆಯರ ವೃತ್ತಾಂತಗಳು ಕಾಣುತ್ತವೆ. ಎರಡೂ ಸುಳ್ಳಲ್ಲ, ಎರಡೂ ಪ್ರಮಾಣವಲ್ಲ. ಇವೆರಡರ ನಡುವೆ ನಿರ್ಣಯವನ್ನು ಹೇಳಬೇಕಾದರೆ ಪರೀಕ್ಷೆಯ ವಿಧಾನವು ಹೇಗಿರತಕ್ಕದ್ದೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಸಾಹಿತ್ಯವ್ಯಾಸಂಗಕ್ಕೆ ಮೀಸಲಾದ ಪತ್ರಿಕೆಯಲ್ಲಿ ಅರ್ಥಶಾಸ್ತ್ರದ ಈ ಚರ್ಚೆಯೇಕೆಂದು ವಾಚಕಮಹಾಶಯರು ಕೇಳಬಹುದು. ಉತ್ತರವಿಷ್ಟೆ: ಇಂಥ ಪರೀಕ್ಷೆಯ ಅರ್ಧಭಾಗವು ಗಣಿತವಾದರೆ ಉಳಿದರ್ಧವು ಭಾಷೆ. ಕನ್ನಡದಲ್ಲಿ ಯಾವ ಮಾತಿನಿಂದ ಪ್ರಶ್ನೆಯನ್ನು ಕೇಳುತ್ತೇವೆಂಬುದರ ಮೇಲೆ ಉತ್ತರವೂ ಬದಲಾಗುತ್ತದೆ. ಆ ಅಂಶದಲ್ಲಿ ಭಾಷಾಜ್ಞರು ಹೇಳತಕ್ಕದ್ದು ಬಹಳವಿದೆ.

೨. ಸಂಸ್ಥೆಗಳ ಸ್ವರೂಪ

ದಕ್ಷಿಣ ಬೆಂಗಳೂರಿಗೂ ಈ ವಿಷಯಕ್ಕೂ ನಿಕಟವಾದ ಸಂಬಂಧವಿದೆ. ಬಾಂಗ್ಲಾದೇಶದ ಜೋಬ್ರಾ ಎಂಬ ಗ್ರಾಮದಲ್ಲಿ ೧೯೭೬ರಲ್ಲಿ ಮುಹಮ್ಮದ್ ಯೂನುಸರು ಆರಂಭಿಸಿದ ಪ್ರಯೋಗವು ೧೯೮೩ರಲ್ಲಿ ಗ್ರಾಮೀಣ ಬ್ಯಾಂಕೆಂಬ ಸಂಸ್ಥೆಯಾಯಿತು. ಅಲೆಕ್ಸ್ ಕೌಂಟ್ಸ್ ಎಂಬುವರು ಅದನ್ನು ಕುರಿತು ಬರೆದ ಪುಸ್ತಕವನ್ನೋದಿ ಪ್ರೇರಿತರಾದ ಶ್ರೀಮತಿ ವಿನತಾ ಎಂ. ರೆಡ್ಡಿಯವರು ೧೯೯೯ರಲ್ಲಿ ಟಿ. ಮುನಿಸ್ವಾಮಪ್ಪ ಟ್ರಸ್ಟಿನ ಆಶ್ರಯದಲ್ಲಿ ‘ಗ್ರಾಮೀಣ ಕೂಟ’ವೆಂಬ ಕಾರ್ಯಕ್ರಮವನ್ನು ಆರಂಭಿಸಿದರು. ಜೆ. ಪಿ. ನಗರದ ಆಚೆಗಿರುವ ಅಂಜನಾಪುರದ ಬಳಿಯ ಅವಲಹಳ್ಳಿಯು ಅದರ ಮೊದಲ ನೆಲೆ. ೨೦೦೭ರಲ್ಲಿ ಈ ಕಾರ್ಯವು ಬ್ಯಾಂಕೇತರ ಹಣಕಾಸು ಕಂಪನಿಯ ರೂಪವನ್ನು ತಾಳಿತು. ೨೦೧೮ರಲ್ಲಿ ಕ್ರೆಡಿಟ್ ಆಕ್ಸೆಸ್ ಗ್ರಾಮೀಣ್ ಎಂಬ ಹೆಸರನ್ನು ಪಡೆದು, ಅದೇ ವರ್ಷದ ಆಗಸ್ಟಿನಲ್ಲಿ ಷೇರುಪೇಟೆಯನ್ನೂ ಪ್ರವೇಶಿಸಿತು. ಅದರ ಪ್ರಧಾನ ಕಚೇರಿಯು ಜಯನಗರದಲ್ಲಿದೆ. ಟ್ರಸ್ಟಿನ ಸೇವಾಕಾರ್ಯವಾಗಿ ಹುಟ್ಟಿದ್ದು ಇಪ್ಪತ್ತು ವರ್ಷಗಳೊಳಗೆ ಷೇರುದಾರರಿಗೆ ಉತ್ತರ ಹೇಳಬೇಕಾದ ಕಂಪನಿಯಾಯಿತೆಂಬುದನ್ನು ವಾಚಕರು ಗಮನಿಸಬೇಕು. ಪರಿಣಾಮಪರೀಕ್ಷೆಯನ್ನು ಬಯಸುವವರು ಯಾರು, ಏತಕ್ಕೆ ಬಯಸುತ್ತಾರೆ ಎಂಬುದೂ ಇದರೊಡನೆ ಬದಲಾಗುತ್ತದೆ.

ಇದಕ್ಕೂ ಮುಂಚೆ ಕರ್ಣಾಟಕದಲ್ಲಿ ಬೇರೊಂದು ಕ್ರಮವು ಬೆಳೆದಿದ್ದಿತು. ೧೯೬೮ರಲ್ಲಿ ಸ್ಥಾಪಿತವಾದ ಮೈರಾಡಾ ಸಂಸ್ಥೆಯು ೧೯೮೦ರ ದಶಕದಲ್ಲಿ ಸ್ವಸಹಾಯ ಸಂಘಗಳನ್ನು ಕಟ್ಟಿತು; ೧೯೯೨ರಲ್ಲಿ ನಬಾರ್ಡ್ ಅಂಥ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗಕ್ಕೆ ಕೈಯಿಕ್ಕಿತು. ಸ್ವಸಹಾಯ ಸಂಘದಲ್ಲಿ ಸದಸ್ಯರು ಮೊದಲು ಉಳಿತಾಯಮಾಡಿ, ತಮ್ಮ ಹಣವನ್ನೇ ತಮ್ಮೊಳಗೆ ಸಾಲವಾಗಿ ಹಂಚಿಕೊಳ್ಳುತ್ತಾರೆ. ಗ್ರಾಮೀಣ ಬ್ಯಾಂಕಿನ ಮಾದರಿಯಲ್ಲಾದರೋ ಹಣವು ಹೊರಗಿನಿಂದ ಬರುವುದು. ಕೆಲವು ಮಹಿಳೆಯರ ಒಂದು ಗುಂಪು, ಅಂಥ ಕೆಲವು ಗುಂಪುಗಳ ಒಂದು ಕೇಂದ್ರ, ಗೊತ್ತಾದ ದಿನದಂದು ಸಭೆ, ಆ ಸಭೆಯಲ್ಲಿ ಎಲ್ಲರ ಎದುರಿಗೆ ಕಂತಿನ ಪಾವತಿ. ಒತ್ತೆಯಿಲ್ಲ, ಒತ್ತೆಯ ಸ್ಥಾನದಲ್ಲಿರುವುದು ನೆರೆಯವರ ಮುಂದಿನ ಮಾನ.

ರಿಸರ್ವ್ ಬ್ಯಾಂಕು ೨೦೨೨ರ ಮಾರ್ಚಿಯಲ್ಲಿ ಹೊರಡಿಸಿದ ನಿರ್ದೇಶದಂತೆ, ವಾರ್ಷಿಕ ಆದಾಯವು ಮೂರು ಲಕ್ಷ ರೂಪಾಯಿಗಳನ್ನು ಮೀರದ ಕುಟುಂಬಕ್ಕೆ ಒತ್ತೆಯಿಲ್ಲದೆ ಕೊಡುವ ಸಾಲವು ಕಿರುಸಾಲವೆನಿಸುವುದು. ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತುಗಳೂ ಸೇರಿ ಅದರ ಮಾಸಿಕ ಆದಾಯದ ಅರ್ಧವನ್ನು ಮೀರಕೂಡದು.

೩. ಪರಿಣಾಮವೆಂದರೇನು?

ಗಾಂಧಿಬಜಾರಿನಿಂದ ಜಯನಗರದ ನಾಲ್ಕನೆಯ ಬ್ಲಾಕಿನವರೆಗೆ ಎಲ್ಲಿಯಾದರೂ ಕುಳಿತು ಹೂ ಮಾರುವ ಒಬ್ಬಾಕೆಯನ್ನು ಭಾವಿಸೋಣ. ಆಷಾಢಮಾಸದಲ್ಲಿ ಆಕೆಯು ಮೂವತ್ತು ಸಾವಿರ ರೂಪಾಯಿ ಸಾಲವನ್ನು ಪಡೆದಳು. ಪರೀಕ್ಷಕರು ಅಂದು ಆಕೆಯ ದಿನದ ಸಂಪಾದನೆಯನ್ನು ಬರೆದುಕೊಂಡರು. ಮತ್ತೆ ಬಂದು ವಿಚಾರಿಸಿದ್ದು ಶ್ರಾವಣದಲ್ಲಿ, ವರಮಹಾಲಕ್ಷ್ಮಿಯ ಹಬ್ಬದ ಸಮೀಪದಲ್ಲಿ. ಸಂಪಾದನೆಯು ಎರಡರಷ್ಟಾಗಿತ್ತು. ಇದನ್ನು ಸಾಲದ ಪರಿಣಾಮವೆಂದು ಬರೆದರೆ, ಹಬ್ಬದ ಫಲವನ್ನು ಸಂಸ್ಥೆಯ ಲೆಕ್ಕಕ್ಕೆ ಜಮಾ ಮಾಡಿದಂತಾಗುವುದು. ಮೊದಲು ಶ್ರಾವಣದಲ್ಲಿ ಕೇಳಿ ಅನಂತರ ಮುಂದಿನ ಆಷಾಢದಲ್ಲಿ ಕೇಳಿದ್ದರೆ, ಇದೇ ಸಾಲವು ಆಕೆಯನ್ನು ಹಾಳುಮಾಡಿತೆಂಬ ನಿರ್ಣಯವು ಬರುತ್ತಿತ್ತು.

ಆದಕಾರಣ ‘ಮೊದಲು’ ಮತ್ತು ‘ಅನಂತರ’ಗಳ ಅಂತರವು ಪರಿಣಾಮವಲ್ಲ. ಪರಿಣಾಮವೆಂದರೆ ಸಾಲವನ್ನು ಪಡೆದ ಮನೆಯ ಈಗಿನ ಸ್ಥಿತಿಗೂ, ಅದೇ ಮನೆಯು ಅದೇ ಕಾಲದಲ್ಲಿ ಸಾಲವನ್ನು ಪಡೆಯದೆ ಇದ್ದಿದ್ದರೆ ಇರುತ್ತಿದ್ದ ಸ್ಥಿತಿಗೂ ಇರುವ ಅಂತರ. ಈ ಎರಡನೆಯ ಸ್ಥಿತಿಯು ಯಾರ ಕಣ್ಣಿಗೂ ಬೀಳತಕ್ಕದ್ದಲ್ಲ. ಅದನ್ನು ಅನುಮಾನಪ್ರಮಾಣದಿಂದಲೇ ಸಾಧಿಸಬೇಕು. ಅನುಮಾನಕ್ಕೆ ಯೋಗ್ಯವಾದ ದೃಷ್ಟಾಂತವು, ಎಂದರೆ ಇತರ ಎಲ್ಲ ವಿಷಯಗಳಲ್ಲಿಯೂ ಸಮಾನವಾಗಿದ್ದು ಸಾಲವೊಂದರಲ್ಲಿ ಮಾತ್ರ ಭಿನ್ನವಾದ ಮತ್ತೊಂದು ಮನೆಯು ಬೇಕು. ಪರೀಕ್ಷಾವಿಧಾನದ ಸಮಸ್ತ ಪ್ರಯತ್ನವೂ ಈ ಮತ್ತೊಂದು ಮನೆಯನ್ನು ಹುಡುಕುವುದರಲ್ಲಿ ಅಡಗಿದೆ.

ಇಲ್ಲಿ ಒಂದು ಭೇದವನ್ನು ಹೇಳಬೇಕು. ಗ್ರಾಮೀಣ ಕೂಟವೂ ಇತರ ಹಲವು ಸಂಸ್ಥೆಗಳೂ ಬಳಸಿರುವ ಬಡತನದ ಸೂಚ್ಯಂಕವೊಂದುಂಟು. ಮನೆಯಲ್ಲಿ ಎಷ್ಟು ಜನ, ಯಾವ ಯಾವ ವಸ್ತುಗಳಿವೆ ಎಂಬಂಥ ಹತ್ತು ಸುಲಭವಾದ ಪ್ರಶ್ನೆಗಳಿಗೆ ಅಂಕಗಳನ್ನಿಟ್ಟು, ಆ ಮನೆಯು ಬಡತನದ ರೇಖೆಯ ಕೆಳಗಿರುವ ಸಂಭವವು ಎಷ್ಟೆಂಬುದನ್ನು ಅದು ತಿಳಿಸುತ್ತದೆ. ಸಂಸ್ಥೆಯು ಬಡವರನ್ನೇ ಮುಟ್ಟುತ್ತಿದೆಯೇ ಎಂಬುದನ್ನರಿಯಲು ಇದು ಉಪಯುಕ್ತವಾದ ಸಾಧನ. ಆದರೆ ಬಡತನವು ಕಡಮೆಯಾದುದು ಸಾಲದಿಂದಲೇ ಎಂಬ ಕಾರ್ಯಕಾರಣಭಾವವನ್ನು ಅದೊಂದೇ ಸ್ಥಾಪಿಸಲಾರದು.

೪. ಯಾರೊಡನೆ ಹೋಲಿಸತಕ್ಕದ್ದು?

ಸಾಲಗಾರರನ್ನು ಅವರ ನೆರೆಯ ಸಾಲಗಾರರಲ್ಲದವರೊಡನೆ ಹೋಲಿಸುವುದು ಸುಲಭವಾದ ಉಪಾಯ. ಆದರೆ ಅದು ದೋಷಯುಕ್ತ. ಸಾಲವನ್ನು ಕೇಳುವವಳು ಸ್ವಭಾವತಃ ಸಾಹಸಿಯಾಗಿರಬಹುದು, ಅಥವಾ ಆಗಲೇ ಕಷ್ಟದಲ್ಲಿ ಸಿಕ್ಕಿಕೊಂಡಿರಬಹುದು. ಅವಳ ಮುಂದಿನ ಏಳುಬೀಳುಗಳಲ್ಲಿ ಎಷ್ಟು ಪಾಲು ಅವಳ ಸ್ವಭಾವದ್ದು, ಎಷ್ಟು ಪಾಲು ಸಾಲದ್ದು ಎಂಬುದನ್ನು ಬಿಡಿಸಲಾಗದು. ಐದು ವರ್ಷಗಳಿಂದ ಇರುವ ಹಳೆಯ ಸದಸ್ಯರನ್ನು ಈಗ ತಾನೇ ಸೇರಿದ ಹೊಸ ಸದಸ್ಯರೊಡನೆ ಹೋಲಿಸುವ ಪದ್ಧತಿಯೂ ಉಂಟು. ಎರಡು ವರ್ಗದವರೂ ಸಾಲವನ್ನು ಕೇಳಿದವರೇ ಆದುದರಿಂದ ಇದು ಮೊದಲಿನದಕ್ಕಿಂತ ಮೇಲು. ಆದರೆ ಐದು ವರ್ಷಗಳ ಹಿಂದೆ ಸೇರಿದವರಲ್ಲಿ ನಡುವೆಯೇ ಬಿಟ್ಟುಹೋದವರೆಲ್ಲಿ? ಉಳಿದವರು ಬಹುಮಟ್ಟಿಗೆ ತಡೆದುಕೊಂಡವರೇ.

ಕನ್ನಡದ ಆದಿಗದ್ಯವನ್ನು ವಿಚಾರಿಸುವವರಿಗೆ ಈ ತೊಡಕು ಅಪರಿಚಿತವಲ್ಲ. ಕವಿರಾಜಮಾರ್ಗವು ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಕೃತಿಗಳು ನಮಗೆ ಸಿಕ್ಕಿಲ್ಲ. ಉಳಿದುಬಂದ ಗ್ರಂಥಗಳನ್ನೇ ನೆಚ್ಚಿ, ಆ ಕಾಲಕ್ಕೆ ಮುಂಚೆ ಕನ್ನಡದಲ್ಲಿ ಗದ್ಯವೇ ಇರಲಿಲ್ಲವೆಂದು ನಾವಾರೂ ಹೇಳುವುದಿಲ್ಲ. ಸಭೆಗೆ ಬಂದ ಸಾಲಗಾರರನ್ನು ಮಾತ್ರವೇ ನೆಚ್ಚಿ, ಸಾಲದಿಂದ ಯಾರಿಗೂ ಹಾನಿಯಾಗಲಿಲ್ಲವೆಂದು ಹೇಳುವುದೂ ಹಾಗೆಯೇ ಅಸಾಧು.

ಈ ದೋಷಗಳನ್ನು ಪರಿಹರಿಸಲು ವಿದ್ವಾಂಸರು ಚೀಟಿಯೆತ್ತುವ ಕ್ರಮವನ್ನು ಅವಲಂಬಿಸಿದರು. ಹೈದರಾಬಾದಿನಲ್ಲಿ ಸ್ಪಂದನ ಎಂಬ ಸಂಸ್ಥೆಯು ಶಾಖೆಗಳನ್ನು ತೆರೆಯಬಹುದಾಗಿದ್ದ ೧೦೪ ಬಡಾವಣೆಗಳಲ್ಲಿ ೫೨ನ್ನು ಯಾದೃಚ್ಛಿಕವಾಗಿ ಆರಿಸಿ, ಅಲ್ಲಿ ಮಾತ್ರ ಮೊದಲು ಸಾಲವನ್ನು ಕೊಡುವಂತೆ ಏರ್ಪಡಿಸಲಾಯಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ರೇಚಲ್ ಗ್ಲೆನರ್ಸ್ಟರ್, ಸಿಂಥಿಯಾ ಕಿನ್ನನ್ ಇವರ ಈ ಪರೀಕ್ಷೆಯು ೨೦೧೫ರಲ್ಲಿ ಪ್ರಕಟವಾಯಿತು. ಸಾಲವು ದೊರೆತ ಬಡಾವಣೆಗಳಲ್ಲಿ ಬಾಳಿಕೆಯ ವಸ್ತುಗಳ ಮೇಲಿನ ವೆಚ್ಚವು ಹೆಚ್ಚಿತು. ಮೊದಲೇ ಉತ್ತಮ ಲಾಭದಲ್ಲಿದ್ದ ಕೆಲವು ವ್ಯಾಪಾರಗಳು ಇನ್ನಷ್ಟು ಬೆಳೆದುವು. ಆದರೆ ಮನೆಯ ಒಟ್ಟು ಅನುಭೋಗದಲ್ಲಿಯಾಗಲಿ, ಮಕ್ಕಳ ವಿದ್ಯಾಭ್ಯಾಸದಲ್ಲಿಯಾಗಲಿ, ಆರೋಗ್ಯದಲ್ಲಿಯಾಗಲಿ, ಮಹಿಳೆಯರ ಅಧಿಕಾರದಲ್ಲಿಯಾಗಲಿ ಗಣನೀಯವಾದ ವ್ಯತ್ಯಾಸವು ಕಾಣಲಿಲ್ಲ. ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೋ, ಮಂಗೋಲಿಯಾ, ಮೊರಾಕೋ ದೇಶಗಳ ಪರೀಕ್ಷೆಗಳೂ ಅದೇ ಸಂಚಿಕೆಯಲ್ಲಿ ಪ್ರಕಟವಾದುವು. ಒಟ್ಟಿನ ಮೇಲೆ ಅವುಗಳ ಸಾರವೂ ಇದೇ: ಕಿರುಸಾಲವು ಸಂಸ್ಥೆಗಳು ಹೇಳುವಷ್ಟು ಉದ್ಧಾರಕವೂ ಅಲ್ಲ, ಸರಾಸರಿಯನ್ನು ನೋಡಿದರೆ ವಿನಾಶಕವೂ ಅಲ್ಲ.

ಸರಾಸರಿಯೆಂಬ ಮಾತನ್ನು ಇಲ್ಲಿ ಎಚ್ಚರದಿಂದ ನೋಡಬೇಕು. ಹೈದರಾಬಾದಿನಲ್ಲಿ ಸಾಲವು ದೊರೆತ ಬಡಾವಣೆಗಳಲ್ಲಿಯೂ ನೂರಕ್ಕೆ ಸುಮಾರು ೨೭ ಮನೆಗಳು ಮಾತ್ರ ಕಿರುಸಾಲವನ್ನು ಹೊಂದಿದ್ದುವು. ಉಳಿದ ಬಡಾವಣೆಗಳಲ್ಲಿಯೂ ಬೇರೆ ಸಂಸ್ಥೆಗಳಿಂದ ನೂರಕ್ಕೆ ಸುಮಾರು ೧೮ ಮನೆಗಳು ಪಡೆದಿದ್ದುವು. ಎಂದರೆ ನಿಜವಾದ ಭೇದವು ನೂರರಲ್ಲಿ ಎಂಟೊಂಬತ್ತು ಮನೆಗಳದು. ಸಾಲ ಪಡೆದ ಪ್ರತಿಯೊಂದು ಮನೆಗೂ ತಿಂಗಳಿಗೆ ಸಾವಿರ ರೂಪಾಯಿ ಲಾಭವಾಯಿತೆಂದಿಟ್ಟುಕೊಂಡರೂ ಬಡಾವಣೆಯ ಸರಾಸರಿಯಲ್ಲಿ ಅದು ಎಂಬತ್ತು, ತೊಂಬತ್ತು ರೂಪಾಯಿಗಳಾಗಿ ಮಾತ್ರ ತೋರುವುದು. ಇಷ್ಟು ಸಣ್ಣ ಅಂತರವನ್ನು ಗುರುತಿಸಲು ಕೆಲವು ನೂರು ಮನೆಗಳು ಸಾಲವು; ಸಾವಿರಾರು ಮನೆಗಳು ಬೇಕು. ಪರೀಕ್ಷೆಯನ್ನು ಯೋಜಿಸುವವರು ಮೊದಲು ಮಾಡತಕ್ಕ ಲೆಕ್ಕವು ಇದು. ಇದನ್ನು ಮಾಡದೆ ನಡೆಸಿದ ಸಣ್ಣ ಪರೀಕ್ಷೆಯು ‘ಪರಿಣಾಮವಿಲ್ಲ’ವೆಂದರೆ, ಪರಿಣಾಮವಿಲ್ಲವೋ ಕಾಣುವ ಶಕ್ತಿಯಿಲ್ಲವೋ ತಿಳಿಯದು.

ಕರ್ಣಾಟಕದ್ದೇ ಆದ ಪರೀಕ್ಷೆಯೊಂದು ಮತ್ತೊಂದು ಪಾಠವನ್ನು ಕಲಿಸುತ್ತದೆ. ಬೆಂಗಳೂರಿನ ಭಾರತ ಸ್ವಮುಕ್ತಿ ಸಂಸ್ಥೆಯು ಪ್ರವೇಶಿಸಲು ಉದ್ದೇಶಿಸಿದ್ದ ೭೫ ಗ್ರಾಮಗಳಲ್ಲಿ ೨೦೦೬ರಲ್ಲಿಯೇ ಬ್ಯಾನರ್ಜಿ, ಡುಫ್ಲೋ ಮತ್ತು ಅವರ ಸಹೋದ್ಯೋಗಿಗಳು ಮನೆಮನೆಗೂ ಹೋಗಿ, ಯಾರು ಯಾರಲ್ಲಿ ಕೈಗಡವನ್ನು ತರುತ್ತಾರೆ, ಯಾರ ಸಲಹೆಯನ್ನು ಕೇಳುತ್ತಾರೆ, ಯಾರ ಮನೆಗೆ ಹೋಗಿಬರುತ್ತಾರೆ ಎಂಬುದನ್ನು ಬರೆದುಕೊಂಡಿದ್ದರು. ಸಂಸ್ಥೆಯು ಅವುಗಳಲ್ಲಿ ೪೩ ಗ್ರಾಮಗಳನ್ನು ಪ್ರವೇಶಿಸಿತು. ೨೦೧೨ರಲ್ಲಿ ಮತ್ತೆ ವಿಚಾರಿಸಲಾಯಿತು. ಇಲ್ಲಿ ಗ್ರಾಮಗಳ ಆಯ್ಕೆಯು ಚೀಟಿಯಿಂದಾದುದಲ್ಲವಾದಕಾರಣ, ಎರಡೂ ಬಗೆಯ ಗ್ರಾಮಗಳಲ್ಲಿ ಮೊದಲಿಗೂ ಅನಂತರಕ್ಕೂ ಆದ ಅಂತರವನ್ನು ಅಳೆದು, ಆ ಅಂತರಗಳ ಅಂತರವನ್ನು ಪರಿಣಾಮವೆಂದು ತೆಗೆದುಕೊಂಡರು. ೨೦೨೪ರಲ್ಲಿ ಪ್ರಕಟವಾದ ಇದರ ಫಲಿತಾಂಶದಂತೆ, ಕಿರುಸಾಲವು ಬಂದ ಗ್ರಾಮಗಳಲ್ಲಿ ಜನರ ಪರಸ್ಪರ ಸಂಬಂಧಗಳು ಕಡಮೆಯಾಗಿದ್ದುವು. ಸಾಲವನ್ನು ಪಡೆಯುವ ಸಂಭವವೇ ಕಡಮೆಯಿದ್ದ ಮನೆಗಳಲ್ಲಿಯೂ ಈ ಕುಗ್ಗುವಿಕೆಯು ತೋರಿತು. ಕೈಗಡವನ್ನು ಕೊಡುತ್ತಿದ್ದ ನೆರೆಯವಳಿಗೆ ಸಂಸ್ಥೆಯ ಸಾಲವು ದೊರೆತ ಮೇಲೆ ಈ ಕೊಡುಕೊಳ್ಳುವಿಕೆಯ ಅಗತ್ಯವು ಕಡಮೆಯಾಗಿ, ಸಾಲವೇ ಇಲ್ಲದ ಬಡವಳು ತನ್ನ ಆಸರೆಯನ್ನು ಕಳೆದುಕೊಂಡಳೆಂದು ಇದನ್ನು ಅರ್ಥಮಾಡಬಹುದು. ಸಾಲಗಾರರನ್ನು ಮಾತ್ರ ವಿಚಾರಿಸುವ ಪರೀಕ್ಷೆಗೆ ಈ ಹಾನಿಯು ಎಂದಿಗೂ ಕಾಣದು.

೫. ಪ್ರಶ್ನಾವಳಿಯ ಭಾಷೆ

ಇನ್ನು ಭಾಷೆಯ ವಿಷಯ. ‘ನಿಮಗೆ ಎಷ್ಟು ಸಾಲವಿದೆ?’ ಎಂಬುದು ಸರಳವಾದ ಪ್ರಶ್ನೆಯಂತೆ ತೋರುವುದು. ಆದರೆ ಬೆಂಗಳೂರಿನ ಮನೆಗಳಲ್ಲಿ ‘ಸಾಲ’ವೆಂಬ ಮಾತಿನ ವ್ಯಾಪ್ತಿಯು ಅರ್ಥಶಾಸ್ತ್ರದ ಋಣದ ವ್ಯಾಪ್ತಿಗಿಂತ ಕಿರಿದು. ನೆರೆಯವಳಿಂದ ಪತ್ರವಿಲ್ಲದೆ ಬಡ್ಡಿಯಿಲ್ಲದೆ ತಂದದ್ದು ಕೈಗಡ. ಬಳೆಯನ್ನು ಗಿರವಿಯ ಅಂಗಡಿಯಲ್ಲಿ ಇಟ್ಟಿದ್ದರೆ ‘ಒಡವೆ ಇಟ್ಟಿದ್ದೇವೆ’ ಎನ್ನುವರು. ಕೆಲಸದ ಮನೆಯ ಯಜಮಾನಿತಿಯಿಂದ ಪಡೆದದ್ದು ಮುಂಗಡ. ದಿನಸಿಯ ಅಂಗಡಿಯಲ್ಲಿ ತಂದದ್ದನ್ನು ‘ಬರೆಸಿದ್ದೇವೆ’ ಎನ್ನುವರು. ಚೀಟಿಯನ್ನು ಮೊದಲೇ ಎತ್ತಿಕೊಂಡವಳು ನ್ಯಾಯವಾಗಿ ಸಾಲಗಾರಳೇ. ಆದರೂ ಅವಳು ತಾನು ‘ಚೀಟಿ ಕಟ್ಟುತ್ತಿದ್ದೇನೆ’ ಎಂದು ಉಳಿತಾಯಗಾರಳಂತೆಯೇ ಹೇಳುವಳು. ಈ ಐದನ್ನೂ ಹೆಸರಿಟ್ಟು ಬೇರೆ ಬೇರೆಯಾಗಿ ಕೇಳದಿದ್ದರೆ ಮನೆಯ ಭಾರದ ಬಹುಭಾಗವು ಲೆಕ್ಕದಿಂದ ಜಾರಿಹೋಗುವುದು. ಸಂಸ್ಥೆಯ ಕಂತನ್ನು ಕಟ್ಟಲು ಒಡವೆಯನ್ನಿಟ್ಟ ಮನೆಯು ‘ಕಂತನ್ನು ತಪ್ಪದೆ ಕಟ್ಟುವ ಮನೆ’ಯೆಂದು ದಾಖಲಾಗುವುದೂ ಹೀಗೆಯೇ.

‘ಸಂಘ’ವೆಂಬ ಮಾತು ಇದಕ್ಕೆ ವಿರುದ್ಧವಾದ ತೊಡಕನ್ನುಂಟುಮಾಡುತ್ತದೆ, ಅಲ್ಲಿ ವ್ಯಾಪ್ತಿಯು ಬೇಕಾದುದಕ್ಕಿಂತ ಹಿರಿದು. ಸರ್ಕಾರವು ೨೦೦೦ದಲ್ಲಿ ಆರಂಭಿಸಿದ ಸ್ತ್ರೀಶಕ್ತಿ ಯೋಜನೆಯ ಗುಂಪೂ ಸಂಘವೇ, ಧರ್ಮಸ್ಥಳದ ಯೋಜನೆಯ ಗುಂಪೂ ಸಂಘವೇ, ಕಂಪನಿಯು ಕಟ್ಟಿದ ಗುಂಪೂ ಸಂಘವೇ, ಸಹಕಾರ ಸಂಘವಂತೂ ಹೆಸರಿನಿಂದಲೇ ಸಂಘ. ‘ಸಂಘದಿಂದ ಸಾಲ ಪಡೆದಿರಾ?’ ಎಂಬ ಪ್ರಶ್ನೆಗೆ ಬಂದ ‘ಹೌದು’ ಎಂಬ ಉತ್ತರವು ಏನನ್ನೂ ತಿಳಿಸುವುದಿಲ್ಲ. ಸಭೆಯು ಯಾವ ದಿನ ನಡೆಯುವುದು, ಹಣವನ್ನು ಪಡೆದುಕೊಳ್ಳಲು ಯಾರು ಬರುವರು, ಪುಸ್ತಕದ ಮೇಲೆ ಯಾವ ಹೆಸರಿದೆ ಎಂದು ಕೇಳಬೇಕು.

‘ಬಡ್ಡಿ’ಯ ವಿಷಯವೂ ಹಾಗೆಯೇ. ಜನರು ‘ಮೂರು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ, ಎಂದರೆ ವರ್ಷಕ್ಕೆ ಮೂವತ್ತಾರು. ಸಂಸ್ಥೆಯು ಹೇಳುವುದು ವಾರ್ಷಿಕ ದರವನ್ನು. ಇದಲ್ಲದೆ ಹತ್ತು ಸಾವಿರ ರೂಪಾಯಿಗೆ ಸಾವಿರದ ಇನ್ನೂರು ರೂಪಾಯಿ ಬಡ್ಡಿಯನ್ನು ಸೇರಿಸಿ ಒಂದು ವರ್ಷದ ವಾರದ ಕಂತುಗಳಲ್ಲಿ ಕಟ್ಟಿಸಿಕೊಂಡರೆ, ನೋಡುವುದಕ್ಕೆ ಅದು ನೂರಕ್ಕೆ ಹನ್ನೆರಡು. ಆದರೆ ವಾರವಾರವೂ ಅಸಲು ಕರಗುತ್ತ ಬರುವುದರಿಂದ ಸಾಲಗಾರಳ ಕೈಯಲ್ಲಿ ಸರಾಸರಿ ಉಳಿಯುವುದು ಸುಮಾರು ಐದು ಸಾವಿರವೇ. ನಿಜವಾದ ದರವು ಹನ್ನೆರಡರ ಸುಮಾರು ಇಮ್ಮಡಿ. ಆದುದರಿಂದ ದರವನ್ನು ಕೇಳದೆ, ಕೈಗೆ ಬಂದ ಹಣವೆಷ್ಟು, ಕಂತೆಷ್ಟು, ಕಂತುಗಳೆಷ್ಟು ಎಂಬ ಮೂರನ್ನು ಕೇಳಿ, ದರವನ್ನು ಪರೀಕ್ಷಕನೇ ಗಣಿಸುವುದು ಯುಕ್ತ.

‘ಭೋಗ್ಯ’ವೆಂಬುದು ಬೆಂಗಳೂರಿನ ಪರೀಕ್ಷಕರು ಮರೆಯಬಾರದ ಮತ್ತೊಂದು ಮಾತು. ಧರ್ಮಶಾಸ್ತ್ರದಲ್ಲಿ ಒತ್ತೆಯು ಗೋಪ್ಯ, ಭೋಗ್ಯವೆಂದು ಎರಡು ಬಗೆ. ಕೊಟ್ಟ ಹಣಕ್ಕೆ ಬಡ್ಡಿಯ ಬದಲು ವಸ್ತುವನ್ನೇ ಅನುಭವಿಸುವುದು ಭೋಗ್ಯ. ಈ ಹಳೆಯ ಮಾತು ಇಂದಿಗೂ ಬನಶಂಕರಿ, ಗುರಪ್ಪನಪಾಳ್ಯ, ತಾವರೆಕೆರೆಗಳ ಗಲ್ಲಿಗಳಲ್ಲಿ ಜೀವಂತವಾಗಿದೆ. ಬಾಡಿಗೆಯವನು ಮನೆಯೊಡೆಯನಿಗೆ ಕೆಲವು ಲಕ್ಷ ರೂಪಾಯಿಗಳನ್ನು ಒಟ್ಟಾಗಿ ಕೊಟ್ಟು, ಬಾಡಿಗೆಯಿಲ್ಲದೆ ಗೊತ್ತಾದ ವರ್ಷಗಳವರೆಗೆ ವಾಸಿಸಿ, ಬಿಡುವಾಗ ಹಣವನ್ನು ಹಿಂದಕ್ಕೆ ಪಡೆಯುತ್ತಾನೆ. ಮನೆಗೆಲಸದವಳೊಬ್ಬಳು ವ್ಯಾಪಾರಕ್ಕೆಂದು ಬರೆಸಿ ಪಡೆದ ಕಿರುಸಾಲವನ್ನು ಭೋಗ್ಯದ ಹಣಕ್ಕೆ ಸೇರಿಸಿದಳೆನ್ನೋಣ. ‘ವ್ಯಾಪಾರದ ಆದಾಯವು ಹೆಚ್ಚಿತೇ?’ ಎಂದರೆ ಇಲ್ಲವೆನ್ನುವಳು. ಪರೀಕ್ಷಕನು ಸಾಲವು ದುರುಪಯೋಗವಾಯಿತೆಂದು ಬರೆಯುವನು. ಆದರೆ ತಿಂಗಳ ಬಾಡಿಗೆಯು ನಿಂತಿತು. ಮಕ್ಕಳು ಶಾಲೆಯನ್ನು ಬದಲಿಸಬೇಕಾಗಲಿಲ್ಲ. ಆಯವ್ಯಯಗಳೆರಡನ್ನೂ ಕೇಳಿದವನಿಗೆ ಮಾತ್ರ ಇದು ತಿಳಿಯುವುದು. ಹಾಗೆಯೇ ಮನೆಯೊಡೆಯನು ಹಣವನ್ನು ಹಿಂದಿರುಗಿಸದೆ ಹೋದರೆ ಅದೇ ಸಾಲವು ಕೊರಳಿಗೆ ಉರುಲಾಗುವುದು.

‘ಮನೆ’ಯ ಅರ್ಥವನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ರಿಸರ್ವ್ ಬ್ಯಾಂಕಿನ ನಿರ್ದೇಶದಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು. ಜನಗಣತಿಯು ಒಂದೇ ಅಡುಗೆಯಲ್ಲಿ ಉಣ್ಣುವವರನ್ನು ಒಂದು ಮನೆಯೆಂದು ಎಣಿಸುತ್ತದೆ. ಅತ್ತೆಯೂ ಸೊಸೆಯೂ ಒಂದೇ ಒಲೆಯಲ್ಲಿ ಬೇಯಿಸಿ, ಎರಡು ಸಂಸ್ಥೆಗಳಲ್ಲಿ ಎರಡು ಕುಟುಂಬಗಳಾಗಿ ಸಾಲವನ್ನು ಪಡೆದಿರುವುದು ಅಸಂಭವವಲ್ಲ. ಯಾವ ಅರ್ಥವನ್ನು ಹಿಡಿದರೂ ಕೊನೆಯವರೆಗೆ ಅದನ್ನೇ ಹಿಡಿಯಬೇಕು. ಇನ್ನು ‘ನೀವು ಸಬಲರಾಗಿದ್ದೀರಾ?’ ಎಂಬಂಥ ಪ್ರಶ್ನೆಗಳಿಂದ ಪ್ರಯೋಜನವಿಲ್ಲ. ‘ಕಳೆದ ಸಲ ಮಗುವಿಗೆ 
ಜ್ವರ ಬಂದಾಗ ವೈದ್ಯರ ಬಳಿಗೆ ಹೋಗಲು ಯಾರನ್ನಾದರೂ ಕೇಳಬೇಕಾಯಿತೇ?’ ಎಂದು ಕೇಳಿದರೆ ಮನೆಯೊಳಗಿನ ಅಧಿಕಾರವು ಯಾರದೆಂಬುದು ತಾನಾಗಿ ತಿಳಿಯುವುದು. ಈ ಬಡಾವಣೆಗಳಲ್ಲಿ ತಮಿಳು, ತೆಲುಗು, ಉರ್ದು ಮನೆಮಾತಿನವರೂ ಬಹಳವಿರುವುದರಿಂದ, ಕನ್ನಡದ ಪ್ರಶ್ನೆಗಳನ್ನು ಆ ಭಾಷೆಗಳಿಗೆ ಒಬ್ಬರು ತಿರುಗಿಸಿ, ಮತ್ತೊಬ್ಬರು ಕನ್ನಡಕ್ಕೆ ಮರಳಿ ತಿರುಗಿಸಿ, ಅರ್ಥವು ಉಳಿಯಿತೇ ಎಂದು ನೋಡುವುದೂ ಅವಶ್ಯಕ.

೬. ಕೇಳುವವರು ಮತ್ತು ಕೇಳುವ ರೀತಿ

ವಾರದ ಕಂತನ್ನು ಪಡೆದುಕೊಳ್ಳಲು ಬರುವವನೇ ‘ಸಾಲದಿಂದ ಅನುಕೂಲವಾಯಿತೇ?’ ಎಂದು ಕೇಳಿದರೆ ‘ಇಲ್ಲ’ವೆನ್ನುವ ಧೈರ್ಯವು ಯಾರಿಗಿದ್ದೀತು? ಮುಂದಿನ ಸಾಲವು ಅವನ ಕೈಯಲ್ಲಿದೆ. ಆದುದರಿಂದ ಪರೀಕ್ಷಕರು ಸಂಸ್ಥೆಯ ನೌಕರರಾಗಿರಕೂಡದು. ಸಭೆಯ ಸ್ಥಳದಲ್ಲಿಯೂ ಸಭೆಯ ದಿನದಲ್ಲಿಯೂ ಕೇಳಕೂಡದು. ಮಹಿಳೆಯರನ್ನು ಏಕಾಂತದಲ್ಲಿ, ಸಾಧ್ಯವಾದಷ್ಟೂ ಮಹಿಳೆಯರೇ ವಿಚಾರಿಸಬೇಕು. ಗಂಡನಿಗೆ ತಿಳಿಯದ ಸಾಲವೂ ಹೆಂಡತಿಗೆ ತಿಳಿಯದ ಸಾಲವೂ ಮನೆಗಳಲ್ಲಿ ಇರುವುದುಂಟು. ಒಬ್ಬರು ಹೇಳಿದ್ದನ್ನು ಮತ್ತೊಬ್ಬರ ಕಿವಿಗೆ ಮುಟ್ಟಿಸುವುದು ಪರೀಕ್ಷೆಯಲ್ಲ, ದ್ರೋಹ. ಬರೆದುಕೊಂಡದ್ದನ್ನು ಹೆಸರಿನಿಂದ ಬೇರ್ಪಡಿಸಿ ಇಡಬೇಕು. ಸಂಸ್ಥೆಗೆ ಮೊತ್ತಗಳನ್ನು ತಿಳಿಸಬಹುದೇ ಹೊರತು ವ್ಯಕ್ತಿಗಳ ಉತ್ತರಗಳನ್ನಲ್ಲ.

೭. ದಕ್ಷಿಣ ಬೆಂಗಳೂರಿಗೆ ಒಪ್ಪುವ ಕ್ರಮ

೧೯೪೮ರಲ್ಲಿ ಅಸ್ತಿಭಾರವನ್ನಿಟ್ಟ ಜಯನಗರವೂ, ಅದರ ಸುತ್ತ ಹಳೆಯ ಗ್ರಾಮಗಳನ್ನೊಳಗೊಂಡು ಬೆಳೆದ ಬನಶಂಕರಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆಗಳೂ ಈಗ ಹಲವು ಸಂಸ್ಥೆಗಳ ಕಾರ್ಯಕ್ಷೇತ್ರಗಳಾಗಿವೆ. ಇಲ್ಲಿ ಕಿರುಸಾಲವೇ ಕಾಣದ ಗಲ್ಲಿಯನ್ನು ಹೋಲಿಕೆಗೆ ಹುಡುಕುವುದು ವ್ಯರ್ಥಪ್ರಯತ್ನ. ಆದಕಾರಣ ‘ಸಾಲವು ಒಳ್ಳೆಯದೇ, ಕೆಟ್ಟದ್ದೇ?’ ಎಂಬ ಪ್ರಶ್ನೆಯನ್ನು ಬಿಟ್ಟು, ‘ಎಂಥ ಸಾಲವು, ಎಷ್ಟನೆಯ ಸಾಲವು, ಯಾವ ಕಂತಿನ ಸಾಲವು?’ ಎಂಬ ಪ್ರಶ್ನೆಯನ್ನು ಹಿಡಿಯಬೇಕು. ಕಲ್ಕತ್ತೆಯಲ್ಲಿ ನಡೆದು ೨೦೧೩ರಲ್ಲಿ ಪ್ರಕಟವಾದ ಎರಿಕಾ ಫೀಲ್ಡ್ ಮೊದಲಾದವರ ಪರೀಕ್ಷೆಯು ಇದಕ್ಕೆ ಮೇಲ್ಪಂಕ್ತಿ. ಅಲ್ಲಿ ಸಾಲವು ಎಲ್ಲರಿಗೂ ದೊರೆಯಿತು. ಚೀಟಿಯಿಂದ ಆರಿಸಿದ ಕೆಲವರಿಗೆ ಮಾತ್ರ ಮೊದಲನೆಯ ಕಂತಿಗೆ ಎರಡು ವಾರಗಳ ಬದಲು ಎರಡು ತಿಂಗಳ ಅವಕಾಶವನ್ನು ಕೊಟ್ಟರು. ಅವಕಾಶವನ್ನು ಪಡೆದವರು ವ್ಯಾಪಾರದಲ್ಲಿ ಹೆಚ್ಚಾಗಿ ಹಣವನ್ನು ಹೂಡಿದರು. ಕೆಲವು ವರ್ಷಗಳ ಮೇಲೆ ಅವರ ಲಾಭವೂ ಹೆಚ್ಚಾಗಿದ್ದಿತು. ಸಾಲವನ್ನು ತೀರಿಸದವರ ಸಂಖ್ಯೆಯೂ ಹೆಚ್ಚಿತು. ಸಾಲಗಾರಳ ಹಿತವೂ ಸಂಸ್ಥೆಯ ಹಿತವೂ ಎಲ್ಲಿ ಅಗಲುತ್ತವೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪರೀಕ್ಷೆಗಳು ವಿರಳ.

ಇದೇ ರೀತಿಯಲ್ಲಿ ಇಲ್ಲಿಯೂ ಅರ್ಹತೆಯ ಗಡಿಯಲ್ಲಿರುವ ಅರ್ಜಿದಾರರಲ್ಲಿ ಯಾರಿಗೆ ಎರಡನೆಯ ಅಥವಾ ಮೂರನೆಯ ಸಾಲವನ್ನು ಕೊಡುವುದೆಂಬುದನ್ನು ಚೀಟಿಯಿಂದ ನಿರ್ಣಯಿಸಬಹುದು. ಎರಡೂ ಪಂಗಡದವರನ್ನು ಪ್ರತಿವರ್ಷವೂ ಅದೇ ಮಾಸದಲ್ಲಿ, ಕಡಮೆಯೆಂದರೆ ಮೂರು ವರ್ಷಗಳವರೆಗೆ ವಿಚಾರಿಸಬಹುದು. ಜೂನ್ ತಿಂಗಳ ಶಾಲಾಶುಲ್ಕ, ಶ್ರಾವಣದಿಂದ ದೀಪಾವಳಿಯವರೆಗಿನ ಹಬ್ಬಗಳು, ಬೊಮ್ಮನಹಳ್ಳಿಯ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಕೆಲಸವು ಏರಿಳಿಯುವ ಕಾಲ, ಇವೆಲ್ಲವೂ ಆಗ ಎರಡೂ ಪಂಗಡಗಳಿಗೆ ಸಮನಾಗುವುವು. ಯಾವ ಯಾವ ಅಂಶಗಳನ್ನು ಅಳೆಯುತ್ತೇವೆಂಬುದನ್ನು ಪರೀಕ್ಷೆಗೆ ಮೊದಲೇ ಪ್ರಕಟಿಸಿಬಿಡಬೇಕು. ಇಲ್ಲದಿದ್ದರೆ ಐವತ್ತು ಅಂಶಗಳನ್ನು ಅಳೆದು ಅನುಕೂಲವಾದ ಎರಡನ್ನು ಮಾತ್ರ ವರದಿಯಲ್ಲಿ ಸೇರಿಸುವ ಆಸೆಯುಂಟಾಗುವುದು. ವಿಪರೀತವಾದ ಫಲಿತಾಂಶವನ್ನೂ ಪ್ರಕಟಿಸುವ ಹಕ್ಕು ಪರೀಕ್ಷಕನಿಗಿರಬೇಕೆಂಬುದನ್ನು ಕರಾರಿನಲ್ಲಿಯೇ ಬರೆದುಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಬೀಗವಿಕ್ಕಿದ ಮನೆ. ಎರಡನೆಯ ಸಲ ಹೋದಾಗ ನೂರು ಮನೆಗಳಲ್ಲಿ ಹತ್ತು ಮುಚ್ಚಿದ್ದರೆ, ‘ದೊರೆಯಲಿಲ್ಲ’ವೆಂದು ಬರೆದು ಉಳಿದ ತೊಂಬತ್ತರಿಂದ ಸರಾಸರಿಯನ್ನು ತೆಗೆಯುವುದು ವಾಡಿಕೆ. ಆದರೆ ಬಾಡಿಗೆಯ ಮನೆಗಳೇ ಹೆಚ್ಚಾಗಿರುವ ಈ ನಗರದಲ್ಲಿ ಆ ಹತ್ತರಲ್ಲಿ ಏಳಿಗೆಯಾಗಿ ದೊಡ್ಡ ಮನೆಗೆ ಹೋದವರೂ ಇರಬಹುದು, ಕಂತನ್ನು ಕಟ್ಟಲಾರದೆ ರಾತ್ರೋರಾತ್ರಿ ಹೊರಟುಹೋದವರೂ ಇರಬಹುದು. ಸಾಲದ ಅತ್ಯಂತ ದೊಡ್ಡ ಲಾಭವೂ ಅತ್ಯಂತ ದೊಡ್ಡ ಹಾನಿಯೂ ಆ ಹತ್ತರಲ್ಲಿಯೇ ಅಡಗಿರುವ ಸಂಭವವಿದೆ. ಆದುದರಿಂದ ಮೊದಲನೆಯ ವಿಚಾರಣೆಯಲ್ಲಿಯೇ ಅವರ ಒಪ್ಪಿಗೆಯಿಂದ ತವರೂರನ್ನೂ ಇಬ್ಬರು ಬಂಧುಗಳ ವಿಳಾಸವನ್ನೂ ಬರೆದುಕೊಂಡು, ಮುಚ್ಚಿದ ಮನೆಗಳಲ್ಲಿ ಚೀಟಿಯಿಂದ ಆರಿಸಿದ ಕೆಲವನ್ನಾದರೂ ಕನಕಪುರಕ್ಕೋ ಕೃಷ್ಣಗಿರಿಗೋ ಹೋಗಿ ಹುಡುಕಲು ಹಣವನ್ನು ಮೀಸಲಿಡಬೇಕು. ಹಾಗೆ ಹುಡುಕುವವರು ಸಂಸ್ಥೆಗೆ ಅವರ ಸುಳಿವನ್ನು ಕೊಡತಕ್ಕದ್ದಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

೮. ಉಪಸಂಹಾರ

ಈವರೆಗಿನ ವಿಚಾರದಿಂದ ಸಿದ್ಧವಾದುದೇನೆಂದರೆ: ಸಾಲದ ಪರಿಣಾಮವು ಸಾಲಗಾರರನ್ನು ಕೇಳಿದರೆ ಮಾತ್ರ ತಿಳಿಯತಕ್ಕದ್ದಲ್ಲ, ಸಾಲವು ದೊರೆಯದವರನ್ನೂ, ಬೇಡವೆಂದವರನ್ನೂ, ಬಿಟ್ಟುಹೋದವರನ್ನೂ ಕೇಳಬೇಕು. ಕೇಳುವಾಗ ಅವರ ಮಾತಿನಲ್ಲಿ ಕೇಳಬೇಕು. ಒಂದೇ ಋತುವಿನಲ್ಲಿ ಕೇಳಬೇಕು. ಅವರಿಗೆ ಭಯವಾಗದಂತೆ ಕೇಳಬೇಕು. ೨೦೨೫ರ ಶಾಸನವು ವಸೂಲಿಯ ಬಲಾತ್ಕಾರವನ್ನು ಅಪರಾಧವೆಂದಿತು. ಆದರೆ ಬಲಾತ್ಕಾರವೇ ಇಲ್ಲದಿದ್ದರೂ ಯಾವ ಸಾಲವು ಯಾರಿಗೆ ಹಿತ, ಎಷ್ಟರ ಮೇಲೆ ಅಹಿತ ಎಂಬುದನ್ನು ಶಾಸನವು ಹೇಳಲಾರದು. ಅದನ್ನು ಪರೀಕ್ಷೆಯೇ ಹೇಳಬೇಕು. ಕೈಗಡ, ಮುಂಗಡ, ಒತ್ತೆ, ಭೋಗ್ಯ, ಚೀಟಿ ಎಂಬ ಮಾತುಗಳು ನಗರದ ಒಂದೊಂದು ಬಡಾವಣೆಯಲ್ಲಿ, ನಾಡಿನ ಒಂದೊಂದು ಸೀಮೆಯಲ್ಲಿ ಯಾವ ಯಾವ ಅರ್ಥದಲ್ಲಿ ಸಲ್ಲುತ್ತಿವೆಯೆಂಬುದನ್ನು ಸಂಗ್ರಹಿಸಿ ಕೊಡುವುದು ಭಾಷಾವ್ಯಾಸಂಗಿಗಳಿಂದ ಆಗಬಹುದಾದ ಕೆಲಸ. ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳ ನೆರವಿನಿಂದ ಅಂಥ ಪದಸಂಗ್ರಹಕ್ಕೆ ಕೈಹಾಕಿದರೆ, ಅದರಿಂದ ನಿಘಂಟಿಗೂ ಉಪಕಾರವಾಗುವುದು, ಸಾಲದ ಹೊರೆಯನ್ನು ಹೊತ್ತಿರುವ ಮನೆಗಳಿಗೂ ಉಪಕಾರವಾಗುವುದು.